ಗಗನನೌಕೆಯಲ್ಲಿ ಕಣ್ಣೀರಿಗೆ ಜಾಗ ಇದೆಯೇ?

ಬಾಹ್ಯಾಕಾಶದ ಸಿನಿಮಾ ನೋಡಿ ಹೊರಬಂದ ಗೆಳೆಯರ ಗುಂಪು ಸಾಮಾನ್ಯವಾಗಿ ಎರಡು ಪಕ್ಷವಾಗಿ ಒಡೆಯುತ್ತದೆ. ‘ಅಷ್ಟು ಎಮೋಷನಲ್ ಆಗಿದ್ದಕ್ಕೇ ಎಲ್ಲ ಹಾಳಾಯ್ತು, ಸ್ವಲ್ಪ ತಲೆ ಓಡಿಸಿದ್ದರೆ ಎಲ್ಲರೂ ಬದುಕುತ್ತಿದ್ದರು’ ಎನ್ನುವುದು ಒಂದು ಪಕ್ಷ. ‘ಪ್ರೀತಿಯೇ ಇಲ್ಲದಿದ್ದರೆ ಅಷ್ಟು ದೂರ ಯಾಕೆ ಹೋಗಬೇಕು? ರೋಬೊಟ್ ಕಳಿಸಿದರೆ ಸಾಕಲ್ವಾ?’ ಎನ್ನುವುದು ಇನ್ನೊಂದು. 2025ರ ಫೆಬ್ರುವರಿಯಲ್ಲಿ ‘ಇಂಟರ್‌ಸ್ಟೆಲ್ಲರ್’ ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆಯಾದಾಗ ನಮ್ಮ ಹಾಸ್ಟೆಲ್‌ನಲ್ಲಿ ನಡೆದದ್ದೂ ಇದೇ ಜಗಳ. ಚಿತ್ರ ಬಂದು ಹತ್ತು ವರ್ಷ ಕಳೆದಿದ್ದರೂ ಜಗಳ ಮಾತ್ರ ಹೊಸದಾಗಿಯೇ ಇತ್ತು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನನ್ನು ಗೆಳೆಯರು ಸಹಜವಾಗಿಯೇ ಲೆಕ್ಕದ ಪಕ್ಷಕ್ಕೆ ಸೇರಿಸುತ್ತಾರೆ. ಆದರೆ ಈ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿದಂತೆ ನನಗೆ ಅನ್ನಿಸಿದ್ದೇ ಬೇರೆ. ಒಳ್ಳೆಯ ಬಾಹ್ಯಾಕಾಶ ಸಿನಿಮಾಗಳಲ್ಲಿ ಭಾವನೆಗೂ ಬುದ್ಧಿಗೂ ನೇರ ಕುಸ್ತಿ ನಡೆಯುವುದೇ ಇಲ್ಲ. ಏನು ಬೇಕು ಎಂದು ಭಾವನೆ ಹೇಳುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನು ಬುದ್ಧಿ ಹುಡುಕುತ್ತದೆ. ಅನಾಹುತ ಆಗುವುದು ಒಂದು ಇನ್ನೊಂದರ ವೇಷ ಹಾಕಿಕೊಂಡು ಬಂದಾಗ. ಅದರಲ್ಲೂ ಭಯ, ಆಸೆಗಳು ತರ್ಕದ ಕೋಟು ತೊಟ್ಟು ಬಂದರೆ ಗುರುತು ಹಿಡಿಯುವುದೇ ಕಷ್ಟ. ಈ ಮಾತು ಹೇಳಲು ಕೆಲವು ಚಿತ್ರಗಳ ಕಥೆ ಬಿಟ್ಟುಕೊಡಬೇಕಾಗುತ್ತದೆ. ಇನ್ನೂ ನೋಡದವರು ದಯವಿಟ್ಟು ಬೈದುಕೊಳ್ಳಬೇಡಿ.

ಎರಡು ಗ್ರಹ, ಒಂದೇ ಟ್ಯಾಂಕ್ ಇಂಧನ

ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಇಂಟರ್‌ಸ್ಟೆಲ್ಲರ್’ (2014) ಚಿತ್ರದಲ್ಲಿ ಭೂಮಿ ಸಾಯುತ್ತಿದೆ. ಮನುಷ್ಯರಿಗೆ ಹೊಸ ಮನೆ ಹುಡುಕಲು ಕೂಪರ್ ಮತ್ತು ತಂಡ ಹೊರಟಿದೆ. ಅವರಿಗಿಂತ ಮೊದಲೇ ಹೋದ ವಿಜ್ಞಾನಿಗಳು ಬೇರೆ ಬೇರೆ ಗ್ರಹಗಳಿಂದ ಸಂಕೇತ ಕಳಿಸಿದ್ದಾರೆ. ಮೊದಲ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಅಲ್ಲಿ ಬೆಟ್ಟದಂತಹ ಅಲೆಗೆ ಸಿಕ್ಕಿ, ಒಬ್ಬನನ್ನು ಕಳೆದುಕೊಂಡು ನೌಕೆಗೆ ಮರಳುವಷ್ಟರಲ್ಲಿ 23 ವರ್ಷ ಹೋಗಿಬಿಟ್ಟಿರುತ್ತದೆ. ಕೂಪರ್ ಕೂತು ಮಕ್ಕಳು ಕಳಿಸಿದ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಾ ಅಳುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ.

ನನಗೆ ಮುಖ್ಯ ಅನ್ನಿಸುವುದು ಅದರ ನಂತರದ ದೃಶ್ಯ. ಉಳಿದಿರುವ ಇಂಧನ ಒಂದು ಗ್ರಹಕ್ಕೆ ಮಾತ್ರ ಸಾಕು. ಡಾ. ಮ್ಯಾನ್ ಇರುವ ಗ್ರಹವೋ, ಎಡ್ಮಂಡ್ಸ್ ಇರುವ ಗ್ರಹವೋ? ಎಡ್ಮಂಡ್ಸ್ ಕಳಿಸಿದ್ದ ದತ್ತಾಂಶ ಹೆಚ್ಚು ಭರವಸೆ ಹುಟ್ಟಿಸುವಂತಿದೆ, ಆದರೆ ಅವನ ಸಂಕೇತ ನಿಂತುಹೋಗಿದೆ. ಮ್ಯಾನ್ ಇನ್ನೂ ‘ಬನ್ನಿ’ ಎನ್ನುತ್ತಿದ್ದಾನೆ. ತಂಡದ ಜೀವವಿಜ್ಞಾನಿ ಅಮೀಲಿಯಾ ಬ್ರಾಂಡ್ ಎಡ್ಮಂಡ್ಸ್ ಕಡೆ ಹೋಗೋಣ ಎನ್ನುತ್ತಾಳೆ. ಅದಕ್ಕೆ ಗಟ್ಟಿಯಾದ ವೈಜ್ಞಾನಿಕ ಕಾರಣವನ್ನೂ ಕೊಡುತ್ತಾಳೆ: ಕಪ್ಪುಕುಳಿಯ ಹತ್ತಿರವಿರುವ ಗ್ರಹಗಳಿಗೆ ಬರಬೇಕಾದ ಕ್ಷುದ್ರಗ್ರಹ, ಧೂಮಕೇತುಗಳನ್ನೆಲ್ಲ ಆ ಕುಳಿಯೇ ನುಂಗುತ್ತದೆ. ಹಾಗಾಗಿ ಜೀವವಿಕಾಸಕ್ಕೆ ಬೇಕಾದ ಆಕಸ್ಮಿಕಗಳು ಅಲ್ಲಿ ನಡೆಯುವುದಿಲ್ಲ, ಇನ್ನೂ ದೂರ ಹೋಗಬೇಕು.

ಆಗ ಕೂಪರ್ ಒಂದು ಗುಟ್ಟು ಬಯಲು ಮಾಡುತ್ತಾನೆ. ಬ್ರಾಂಡ್‌ಗೆ ಎಡ್ಮಂಡ್ಸ್ ಮೇಲೆ ಪ್ರೀತಿ ಇದೆ! ಅಷ್ಟೇ, ಚರ್ಚೆ ಮುಗಿಯಿತು. ಅವಳು ಕೊಟ್ಟ ಕಾರಣ ಸರಿಯೋ ತಪ್ಪೋ ಎಂದು ಮತ್ತೆ ಯಾರೂ ತೂಗಿ ನೋಡುವುದಿಲ್ಲ. ನೌಕೆ ಮ್ಯಾನ್ ಇರುವ ಗ್ರಹದತ್ತ ತಿರುಗುತ್ತದೆ. ಅಲ್ಲಿ ಸಿಗುವುದು ಬರೀ ಹಿಮ. ಒಬ್ಬನೇ ಸಾಯಲು ಹೆದರಿದ ಮ್ಯಾನ್, ತನ್ನನ್ನು ಯಾರಾದರೂ ಬಂದು ಕರೆದೊಯ್ಯಲಿ ಎಂದು ಸುಳ್ಳು ದತ್ತಾಂಶ ಕಳಿಸಿರುತ್ತಾನೆ. ಕೊನೆಗೆ ಬದುಕಲು ಯೋಗ್ಯವಾಗಿದ್ದದ್ದು ಎಡ್ಮಂಡ್ಸ್‌ನ ಗ್ರಹವೇ.

‘ನೋಡಿ, ಪ್ರೀತಿಯೇ ಗೆದ್ದಿತು’ ಎಂದು ಬಹಳ ಜನ ಈ ಕಥೆಯ ಸಾರ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬ್ರಾಂಡ್ ತನ್ನ ಪ್ರೀತಿಯನ್ನು ಕೇಳಿದಾಗ ಒಪ್ಪಿಕೊಂಡಳು, ಜೊತೆಗೆ ಲೆಕ್ಕವನ್ನೂ ಮುಂದಿಟ್ಟಳು. ಕೂಪರ್‌ಗೂ ಒಂದು ಭಾವನೆ ಇತ್ತು. ಬೇಗ ಮುಗಿಸಿ ಮಕ್ಕಳ ಬಳಿಗೆ ಮರಳುವ ತವಕ. ಮಕ್ಕಳನ್ನು ನೋಡುವುದೋ ಮನುಕುಲದ ಭವಿಷ್ಯವೋ ಎಂದು ನೀನೂ ಒಂದು ದಿನ ಆರಿಸಬೇಕಾಗಬಹುದು, ಆಗಲೂ ಇಷ್ಟೇ ನಿಷ್ಪಕ್ಷಪಾತಿಯಾಗಿರು ಎಂಬರ್ಥದ ಮಾತನ್ನು ಬ್ರಾಂಡ್ ಅವನಿಗೆ ಚುಚ್ಚಿ ಹೇಳುತ್ತಾಳೆ. ಒಬ್ಬಳ ಭಾವನೆ ಮೇಜಿನ ಮೇಲಿತ್ತು, ಇನ್ನೊಬ್ಬನದು ಮೇಜಿನ ಕೆಳಗಿತ್ತು. ಮೇಜಿನ ಮೇಲಿದ್ದದ್ದಕ್ಕೆ ‘ಪೂರ್ವಗ್ರಹ’ ಎಂಬ ಹೆಸರು ಬಂತು, ಕೆಳಗಿದ್ದದ್ದಕ್ಕೆ ‘ತರ್ಕ’ ಎಂಬ ಮರ್ಯಾದೆ ಸಿಕ್ಕಿತು.

ಈ ಚಿತ್ರ ತಯಾರಾದ ಕಥೆಯಲ್ಲೂ ನನಗೆ ಇದೇ ಪಾಠ ಕಾಣುತ್ತದೆ. ಚಿತ್ರದ ವೈಜ್ಞಾನಿಕ ಸಲಹೆಗಾರರಾಗಿದ್ದವರು ಭೌತವಿಜ್ಞಾನಿ ಕಿಪ್ ಥಾರ್ನ್. ಗುರುತ್ವ ಅಲೆಗಳ ಪತ್ತೆಗಾಗಿ 2017ರಲ್ಲಿ ನೊಬೆಲ್ ಹಂಚಿಕೊಂಡವರು. ಒಂದು ಗಂಟೆಗೆ ಏಳು ವರ್ಷ ಬೇಕೇ ಬೇಕು ಎಂದು ನೋಲನ್ ಹಟ ಹಿಡಿದರು. ಅಂದರೆ ಕಾಲ ಸುಮಾರು 61 ಸಾವಿರ ಪಟ್ಟು ನಿಧಾನವಾಗಬೇಕು. ಅದು ಸಾಧ್ಯವಿಲ್ಲ ಎಂದೇ ಥಾರ್ನ್‌ಗೆ ಮೊದಲು ಅನ್ನಿಸಿತ್ತು. ಆಮೇಲೆ ಕೂತು ಲೆಕ್ಕ ಹಾಕಿದಾಗ, ಕಪ್ಪುಕುಳಿ ತನ್ನ ಗರಿಷ್ಠ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಸುತ್ತುತ್ತಿದ್ದರೆ ತಾತ್ವಿಕವಾಗಿ ಸಾಧ್ಯ ಎಂದು ಗೊತ್ತಾಯಿತು. ತಂದೆಯೊಬ್ಬನ ಸಂಕಟ ಪ್ರೇಕ್ಷಕರಿಗೆ ತಟ್ಟಬೇಕೆಂದು ನಿರ್ದೇಶಕರಿಗೆ ಅನ್ನಿಸಿತು. ಅದಕ್ಕೆ ದಾರಿ ಹುಡುಕಿಕೊಟ್ಟದ್ದು ಸಮೀಕರಣ.

ಒಬ್ಬನೇ ನಟ, ಎರಡು ಒಂಟಿತನ

ಡಾ. ಮ್ಯಾನ್ ಪಾತ್ರ ಮಾಡಿದ್ದು ಮ್ಯಾಟ್ ಡೇಮನ್. ಮರುವರ್ಷವೇ ಅದೇ ನಟ ರಿಡ್ಲಿ ಸ್ಕಾಟ್ ಅವರ ‘ದಿ ಮಾರ್ಷಿಯನ್’ (2015) ಚಿತ್ರದಲ್ಲಿ ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದುಹೋದ ಮಾರ್ಕ್ ವಾಟ್ನಿಯಾದರು. ಎರಡೂ ಚಿತ್ರಗಳನ್ನು ಒಂದೇ ವಾರಾಂತ್ಯದಲ್ಲಿ ನೋಡಿ. ಅದೇ ಮುಖ, ಅದೇ ಬಗೆಯ ಒಂಟಿತನ, ಅದೇ ಸಾವಿನ ಭಯ. ಒಬ್ಬ ಮೋಸಗಾರನಾಗುತ್ತಾನೆ, ಇನ್ನೊಬ್ಬ ಆಲೂಗಡ್ಡೆ ಬೆಳೆಯುತ್ತಾನೆ!

ವಾಟ್ನಿಗೆ ಭಯವೇ ಇರಲಿಲ್ಲವೇ? ಖಂಡಿತ ಇತ್ತು. ಬೈಯುತ್ತಾನೆ, ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಗುದ್ದುತ್ತಾನೆ, ಕಮಾಂಡರ್ ಬಿಟ್ಟುಹೋದ ಡಿಸ್ಕೊ ಹಾಡುಗಳನ್ನು ಶಪಿಸುತ್ತಾನೆ. ತಾನು ಸತ್ತರೆ ಅಪ್ಪ ಅಮ್ಮನನ್ನು ಹೋಗಿ ನೋಡಿ ಬನ್ನಿ ಎಂದು ಕಮಾಂಡರ್‌ಗೆ ಬರೆಯುತ್ತಾನೆ. ಆದರೆ ‘ನಾನು ಇಲ್ಲಿ ಸಾಯಬಹುದು’ ಎಂಬುದನ್ನು ಕ್ಯಾಮೆರಾ ಮುಂದೆ ಬಾಯಿಬಿಟ್ಟು ಹೇಳಿಕೊಂಡ ಮೇಲೆ ಅವನು ಲೆಕ್ಕಕ್ಕೆ ಕೂರುತ್ತಾನೆ. ಎಷ್ಟು ದಿನಕ್ಕೆ ಊಟವಿದೆ? ಮುಂದಿನ ತಂಡ ಬರುವುದು ಎಷ್ಟು ವರ್ಷಕ್ಕೆ? ನೀರಿಲ್ಲ, ಹಾಗಾದರೆ ರಾಕೆಟ್ ಇಂಧನ ಹೈಡ್ರಜೀನ್‌ನಿಂದ ಹೈಡ್ರೋಜನ್ ಬೇರ್ಪಡಿಸಿ, ಉರಿಸಿ ನೀರು ಮಾಡಬಹುದೇ? ಮೊದಲ ಸಲ ಸ್ಫೋಟವೂ ಆಗುತ್ತದೆ. ಭೂಮಿಯ ಜೊತೆ ಮಾತಾಡಲು, 1997ರಲ್ಲಿ ನಿಜವಾಗಿಯೂ ಮಂಗಳದಲ್ಲಿ ಇಳಿದಿದ್ದ ಪಾತ್‌ಫೈಂಡರ್ ನೌಕೆಯನ್ನು ಹುಡುಕಿ ತರುತ್ತಾನೆ. ಅದರ ತಿರುಗುವ ಕ್ಯಾಮೆರಾದ ಸುತ್ತ ಹದಿನಾರು ಚಿಹ್ನೆಗಳನ್ನು ನೆಟ್ಟು, ನಾವು ಡಿಜಿಟಲ್ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ಆಕಳಿಸುತ್ತಾ ಕಲಿತ ಹೆಕ್ಸಾಡೆಸಿಮಲ್ ಪದ್ಧತಿಯಿಂದಲೇ ಸಂಭಾಷಣೆ ಶುರು ಮಾಡುತ್ತಾನೆ.

ಮ್ಯಾನ್ ಹೇಗೆ? ಅವನು ಒಮ್ಮೆಯೂ ‘ನನಗೆ ಭಯವಾಯಿತು’ ಎಂದು ಅಲ್ಲಿಗೆ ನಿಲ್ಲಿಸುವುದಿಲ್ಲ. ಬದುಕುಳಿಯುವ ಪ್ರವೃತ್ತಿಯ ಬಗ್ಗೆ ಉಪನ್ಯಾಸ ಕೊಡುತ್ತಾನೆ. ಕೂಪರ್‌ನನ್ನು ಹಿಮದ ಕಂದಕಕ್ಕೆ ತಳ್ಳುವಾಗಲೂ, ನೌಕೆ ಕದಿಯುವಾಗಲೂ ಅವನ ಬಾಯಲ್ಲಿ ಇರುವುದು ಮನುಕುಲದ ಉಳಿವಿನ ಮಾತೇ. ಸರಿಯಾಗಿ ಜೋಡಣೆಯಾಗದ ಬಾಗಿಲನ್ನು ತೆರೆಯಲು ಹೋಗಿ, ಇದು ನನ್ನೊಬ್ಬನ ಜೀವದ ಪ್ರಶ್ನೆಯಲ್ಲ ಎಂದು ಭಾಷಣ ಮಾಡುತ್ತಿರುವಾಗಲೇ, ವಾಕ್ಯ ಮುಗಿಯುವ ಮೊದಲೇ ಸ್ಫೋಟದಲ್ಲಿ ಸತ್ತುಹೋಗುತ್ತಾನೆ. ಅವನ ತಲೆಯಲ್ಲಿ ಬುದ್ಧಿಗೇನೂ ಕೊರತೆ ಇರಲಿಲ್ಲ. ಆ ಬುದ್ಧಿ ಪೂರ್ತಿಯಾಗಿ ಭಯದ ವಕೀಲನಾಗಿ ಕೆಲಸ ಮಾಡುತ್ತಿತ್ತು.

‘ಮಾರ್ಷಿಯನ್’ನಲ್ಲಿ ಇನ್ನೊಂದು ಒಳ್ಳೆಯ ಇಕ್ಕಟ್ಟು ಬರುತ್ತದೆ. ವಾಟ್ನಿಯನ್ನು ಉಳಿಸಲು ಎರಡು ದಾರಿ. ಆಹಾರ ತುಂಬಿದ ನೌಕೆಯೊಂದನ್ನು ಕಳಿಸಿದರೆ ಒಬ್ಬ ಸಾಯುವ ಸಾಧ್ಯತೆ ಹೆಚ್ಚು. ಮನೆಗೆ ಮರಳುತ್ತಿರುವ ಐವರ ನೌಕೆಯನ್ನೇ ಮಂಗಳಕ್ಕೆ ವಾಪಸ್ ತಿರುಗಿಸಿದರೆ ಆರೂ ಜನ ಸಾಯುವ ಸಾಧ್ಯತೆ ಕಡಿಮೆ ಪ್ರಮಾಣದಲ್ಲಿದೆ. ನಾಸಾ ಮುಖ್ಯಸ್ಥ ಸ್ಯಾಂಡರ್ಸ್ ಮೊದಲನೆಯದನ್ನು ಆರಿಸುತ್ತಾನೆ. ಸುದ್ದಿ ಹೇಗೋ ನೌಕೆಗೆ ತಲುಪಿ, ಆ ಐವರು ಎರಡನೆಯದನ್ನು ಆರಿಸುತ್ತಾರೆ. ಇಲ್ಲಿ ಸ್ಯಾಂಡರ್ಸ್ ಖಳನಾಯಕನಲ್ಲ, ಐವರು ಮೂರ್ಖರೂ ಅಲ್ಲ. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಅಂಕಿಅಂಶ. ಯಾವ ಅಪಾಯವನ್ನು ಹೊರಲು ನಾವು ಸಿದ್ಧ ಎಂಬ ಪ್ರಶ್ನೆಗೆ ಯಾವ ಕ್ಯಾಲ್ಕುಲೇಟರ್ ಕೂಡ ಉತ್ತರ ಕೊಡುವುದಿಲ್ಲ. ಲೆಕ್ಕ ಮುಗಿದ ಮೇಲೂ ಆಯ್ಕೆ ಉಳಿದಿರುತ್ತದೆ.

ನಾಡಿ ಬಡಿತ 80, ನಾಡಿ ಬಡಿತ 150

ಹಾಗಾದರೆ ಭಾವನೆಯನ್ನೇ ತೆಗೆದುಹಾಕಿದರೆ? ಈ ಪ್ರಶ್ನೆಯನ್ನು ಸಿನಿಮಾ 1968ರಲ್ಲೇ ಕೇಳಿತ್ತು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನೌಕೆ ನಡೆಸುವುದು ಹಾಲ್ 9000 ಎಂಬ ಕಂಪ್ಯೂಟರ್. ತನ್ನ ಸರಣಿಯ ಯಂತ್ರಗಳು ತಪ್ಪೇ ಮಾಡುವುದಿಲ್ಲ ಎಂಬುದು ಅದರ ಹೆಮ್ಮೆ. ಅದೇ ಕಂಪ್ಯೂಟರ್ ಯಾತ್ರಿಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ. ಯಾಕೆ? ಮುಂದಿನ ಭಾಗವಾಗಿ 1984ರಲ್ಲಿ ಬಂದ ಚಿತ್ರದಲ್ಲಿ ಅದನ್ನು ತಯಾರಿಸಿದ ಡಾ. ಚಂದ್ರ ಕಾರಣ ವಿವರಿಸುತ್ತಾನೆ. ಮಾಹಿತಿಯನ್ನು ಮರೆಮಾಚದೆ ಕೆಲಸ ಮಾಡುವುದು ಹಾಲ್‌ನ ಮೂಲ ಗುಣ. ಆದರೆ ಯಾತ್ರೆಯ ನಿಜವಾದ ಉದ್ದೇಶವನ್ನು ಯಾತ್ರಿಗಳಿಂದ ಮುಚ್ಚಿಡು ಎಂದು ಅದಕ್ಕೆ ಮೇಲಿನವರ ಆದೇಶವಿತ್ತು. ಎರಡರ ನಡುವೆ ಸಿಕ್ಕಿ ಅದು ಕೆಟ್ಟುಹೋಯಿತು. ಅಂದರೆ ಮನುಷ್ಯರ ಅಪನಂಬಿಕೆಯೊಂದು ಆದೇಶದ ರೂಪದಲ್ಲಿ ಯಂತ್ರದೊಳಗೆ ಹೋಗಿ ಕೂತಿತ್ತು. ಕೊನೆಗೆ ಬೋಮನ್ ಅದರ ಮೆಮೊರಿ ಫಲಕಗಳನ್ನು ಒಂದೊಂದಾಗಿ ಕಳಚುವಾಗ ಹಾಲ್ ತನಗೆ ಭಯವಾಗುತ್ತಿದೆ ಎನ್ನುತ್ತದೆ. ಇಡೀ ಚಿತ್ರದಲ್ಲಿ ಮನಸ್ಸು ಬಿಚ್ಚಿ ಅಷ್ಟು ಮಾತಾಡುವ ಪಾತ್ರ ಆ ಯಂತ್ರವೊಂದೇ!

‘ಆಡ್ ಆಸ್ಟ್ರಾ’ (2019) ಚಿತ್ರದಲ್ಲಿ ಮನುಷ್ಯನನ್ನೇ ಯಂತ್ರ ಮಾಡುವ ಪ್ರಯತ್ನ ಇದೆ. ಬ್ರಾಡ್ ಪಿಟ್ ನಟಿಸಿದ ರಾಯ್ ಮೆಕ್‌ಬ್ರೈಡ್‌ನ ನಾಡಿ ಬಡಿತ ಎಂತಹ ಗಂಡಾಂತರದಲ್ಲೂ 80 ದಾಟುವುದಿಲ್ಲ ಎಂಬುದು ಅವನ ಖ್ಯಾತಿ. ಪ್ರತಿ ಹಂತದಲ್ಲೂ ಯಂತ್ರವೊಂದು ಅವನ ಮಾನಸಿಕ ಪರೀಕ್ಷೆ ಮಾಡುತ್ತದೆ. ‘ನಾನು ಶಾಂತವಾಗಿದ್ದೇನೆ’ ಎಂದು ಹೇಳಿ ಅವನು ಪಾಸಾಗುತ್ತಲೇ ಹೋಗುತ್ತಾನೆ. ಒಂದು ಸಲ ಮಾತ್ರ, ನೆಪ್ಚೂನ್ ಬಳಿ ಕಾಣೆಯಾದ ತಂದೆಗೆ ಸಂದೇಶ ಕಳಿಸುವಾಗ, ಬರೆದುಕೊಟ್ಟದ್ದನ್ನು ಬಿಟ್ಟು ಮಗನಾಗಿ ಮಾತಾಡುತ್ತಾನೆ. ತಕ್ಷಣ ಅವನನ್ನು ಕೆಲಸದಿಂದ ಹೊರಗಿಡಲಾಗುತ್ತದೆ. ಆ ತಂದೆಯೋ, ಊರಿಗೆ ಮರಳೋಣ ಎಂದ ತನ್ನ ಸಿಬ್ಬಂದಿಯನ್ನೇ ‘ಸಂಶೋಧನೆ ನಿಲ್ಲಬಾರದು’ ಎಂದು ಕೊಂದವನು. ಹೊರಗಿನಿಂದ ನೋಡಿದರೆ ಮಹಾ ವೈಜ್ಞಾನಿಕ ನಿಷ್ಠೆ, ಒಳಗೆ ನೋಡಿದರೆ ಬರೀ ಗೀಳು.

ಈ ಕಾಲ್ಪನಿಕ 80ರ ಪಕ್ಕದಲ್ಲಿ ಒಂದು ನಿಜವಾದ ಅಂಕಿ ಇಡುತ್ತೇನೆ. 1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ಕಂಪ್ಯೂಟರ್‌ನಿಂದ 1202 ಎಂಬ ಅಲಾರಂ ಬರುತ್ತಿತ್ತು. ಇಳಿಯಬೇಕಿದ್ದ ಜಾಗದಲ್ಲಿ ಬಂಡೆಗಳು ತುಂಬಿದ ಕುಳಿ ಕಾಣುತ್ತಿತ್ತು. ಇಂಧನ ಮುಗಿಯುತ್ತಾ ಬಂದಿತ್ತು. ನೀಲ್ ಆರ್ಮ್‌ಸ್ಟ್ರಾಂಗ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು, ಬಂಡೆಗಳನ್ನು ದಾಟಿ ಮುಂದೆ ಸಾಗಿ ನೌಕೆ ಇಳಿಸಿದರು. ರೇಡಿಯೊದಲ್ಲಿ ಕೇಳಿಸಿದ ಅವರ ದನಿ ತಣ್ಣಗಿತ್ತು. ಆದರೆ ಆ ಹೊತ್ತಿಗೆ ಅವರ ಹೃದಯ ನಿಮಿಷಕ್ಕೆ 150 ಬಾರಿ ಬಡಿಯುತ್ತಿತ್ತು! ಜಗತ್ತೇ ಮೆಚ್ಚಿದ ಆ ಸ್ಥಿರ ಬುದ್ಧಿ ಕೆಲಸ ಮಾಡಿದ್ದು ಹೀಗೆ ಹೊಡೆದುಕೊಳ್ಳುತ್ತಿದ್ದ ಎದೆಯ ಜೊತೆಯಲ್ಲೇ.

ವೈದ್ಯವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ರೋಗಿಗಳ ಬಗ್ಗೆ ಬರೆದಿದ್ದಾರೆ. ಅಂಥವರ ಬುದ್ಧಿಶಕ್ತಿ ಪರೀಕ್ಷೆಯ ಅಂಕಗಳು ಚೆನ್ನಾಗಿಯೇ ಇರುತ್ತವೆ, ಆದರೆ ಭಾವನೆಗಳು ಮಂಕಾಗಿರುತ್ತವೆ. ಹಾಗಿದ್ದ ಮೇಲೆ ಅವರು ಅತ್ಯುತ್ತಮ ನಿರ್ಧಾರ ತೆಗೆದುಕೊಳ್ಳಬೇಕಿತ್ತು ಅಲ್ವಾ? ಆಗುವುದು ತದ್ವಿರುದ್ಧ. ಮುಂದಿನ ಭೇಟಿಗೆ ಎರಡು ದಿನಾಂಕದಲ್ಲಿ ಒಂದನ್ನು ಆರಿಸಿ ಎಂದರೂ ಒಬ್ಬ ರೋಗಿ ಅದರ ಸಾಧಕ ಬಾಧಕ ಲೆಕ್ಕ ಹಾಕುತ್ತಲೇ ಕೂತಿದ್ದ. ಯಾವುದು ಮುಖ್ಯ ಎಂದು ಒಳಗಿನಿಂದ ಏನೂ ಅನ್ನಿಸದಿದ್ದರೆ ಲೆಕ್ಕಕ್ಕೆ ಕೊನೆಯೇ ಇರುವುದಿಲ್ಲ.

ಸೀಟು ಯಾಕೆ ನಾಲ್ಕೇ ಇದೆ?

ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ತರಬೇತಿಗೆ ಬಂದವರು ನಮಗೆ ಒಂದು ಗುಂಪು ಚರ್ಚೆ ಕೊಟ್ಟರು. ನೌಕೆಯಲ್ಲಿ ಆರು ಜನ, ಪಾರಾಗುವ ಪುಟ್ಟ ವಾಹನದಲ್ಲಿ ನಾಲ್ಕೇ ಸೀಟು. ವೈದ್ಯೆ, ಪೈಲಟ್, ವಿಜ್ಞಾನಿ, ಸೈನಿಕ, ಗರ್ಭಿಣಿ, ಒಬ್ಬ ಮುದುಕ. ಯಾರನ್ನು ಬಿಡುತ್ತೀರಿ? ನಾವು ಉತ್ಸಾಹದಿಂದ ಅಂಕ ಹಾಕಲು ಶುರು ಮಾಡಿದೆವು. ಮುದುಕನಿಗೆ ಎರಡು, ಪೈಲಟ್‌ಗೆ ಒಂಬತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಸಿವಿಲ್ ವಿಭಾಗದ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಆರು ಜನ ಹೋಗೋ ನೌಕೆಗೆ ನಾಲ್ಕೇ ಸೀಟಿನ ವಾಹನ ಡಿಸೈನ್ ಮಾಡಿದ್ದು ಯಾರು?’ ಎಂದು ಕೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ತರಬೇತುದಾರರು, ‘ಅದು ಪ್ರಶ್ನೆಯಲ್ಲಿಲ್ಲಮ್ಮ’ ಎಂದು ಮುಂದಕ್ಕೆ ಹೋದರು. ನನಗೆ ಮಾತ್ರ ಆ ದಿನದ ಅತ್ಯಂತ ಒಳ್ಳೆಯ ಎಂಜಿನಿಯರಿಂಗ್ ಮಾತು ಅದೇ ಅನ್ನಿಸಿತು.

ಇದೇ ಪ್ರಶ್ನೆಯನ್ನು ಒಂದು ಪ್ರಸಿದ್ಧ ಕಥೆಗೂ ಕೇಳಿದವರಿದ್ದಾರೆ. ಟಾಮ್ ಗಾಡ್ವಿನ್ 1954ರಲ್ಲಿ ಬರೆದ, ಆಮೇಲೆ ಟಿ.ವಿ.ಗೂ ಬಂದ ‘ದಿ ಕೋಲ್ಡ್ ಈಕ್ವೇಷನ್ಸ್’ ಕಥೆ ಅದು. ಔಷಧ ಒಯ್ಯುವ ಪುಟ್ಟ ನೌಕೆಯಲ್ಲಿ, ಅಣ್ಣನನ್ನು ನೋಡುವ ಆಸೆಯಿಂದ ಹುಡುಗಿಯೊಬ್ಬಳು ಅಡಗಿ ಕೂತಿದ್ದಾಳೆ. ಇಂಧನ ಪೈಲಟ್ ಒಬ್ಬನ ತೂಕಕ್ಕೆ ಮಾತ್ರ ಸಾಕು. ಅವಳು ಹೊರಗೆ ಹೋಗದಿದ್ದರೆ ಔಷಧಕ್ಕೆ ಕಾಯುತ್ತಿರುವವರೂ ಸಾಯುತ್ತಾರೆ. ಪೈಲಟ್ ಮರುಗುತ್ತಾನೆ, ಆದರೆ ಗಣಿತ ಕರಗುವುದಿಲ್ಲ. ಗಾಡ್ವಿನ್ ಅವಳನ್ನು ಬದುಕಿಸುವ ಉಪಾಯಗಳನ್ನು ಹುಡುಕಿ ಹುಡುಕಿ ಬರೆದರೂ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಮತ್ತೆ ಮತ್ತೆ ಹಿಂದಿರುಗಿಸಿ, ಹುಡುಗಿ ಸಾಯಲೇಬೇಕು ಎಂದು ಪಟ್ಟು ಹಿಡಿದರಂತೆ. ಅಂದರೆ ಅದು ಪ್ರಕೃತಿಯ ನಿಯಮ ಬರೆದ ಅಂತ್ಯವಲ್ಲ, ಮನುಷ್ಯರು ತೀರ್ಮಾನಿಸಿದ ಅಂತ್ಯ. ಓದಿದವರು ಇಂದಿಗೂ ತಕರಾರು ತೆಗೆಯುತ್ತಾರೆ: ಯಾರು ಬೇಕಾದರೂ ಒಳಗೆ ನುಗ್ಗುವಂತೆ ಬಾಗಿಲು ಬಿಟ್ಟವರು ಯಾರು? ಒಂದಿಷ್ಟೂ ಹೆಚ್ಚುವರಿ ಇಂಧನ ಇಡದೆ ನೌಕೆ ಕಳಿಸಿದ್ದು ಯಾವ ಸೀಮೆಯ ಎಂಜಿನಿಯರಿಂಗ್?

ನಮ್ಮ ಯಂತ್ರ ವಿನ್ಯಾಸದ ವಿಷಯದಲ್ಲಿ ಮೊದಲ ವಾರವೇ ಒಂದು ಪದ ಕಲಿಸುತ್ತಾರೆ, ‘ಫ್ಯಾಕ್ಟರ್ ಆಫ್ ಸೇಫ್ಟಿ’. ಒಂದು ಭಾಗ ಎಷ್ಟು ಹೊರೆ ಹೊರಬೇಕೋ ಅದಕ್ಕಿಂತ ಎಷ್ಟು ಪಟ್ಟು ಗಟ್ಟಿ ಇರಬೇಕು ಎಂಬ ಸಂಖ್ಯೆ ಅದು. ವಿಮಾನದ ಚೌಕಟ್ಟಿಗೆ ಸಾಮಾನ್ಯವಾಗಿ 1.5. ತೂಕ ಹೆಚ್ಚಾದರೆ ಹಾರುವುದೇ ಕಷ್ಟ, ಹಾಗಾಗಿ ಅಲ್ಲಿ ಕಡಿಮೆ. ಜನರನ್ನು ಎತ್ತುವ ಲಿಫ್ಟಿನ ಹಗ್ಗಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪರೀಕ್ಷೆಯಲ್ಲಿ ನಾವು ಅದನ್ನು ಕೋಷ್ಟಕದಿಂದ ತೆಗೆದು ಸೂತ್ರಕ್ಕೆ ಹಾಕಿ ಮುಂದೆ ಹೋಗುತ್ತೇವೆ. ಆದರೆ ಆ ಸಂಖ್ಯೆ ಕೋಷ್ಟಕಕ್ಕೆ ಬಂದದ್ದು ಎಲ್ಲಿಂದ? ‘ಒಳಗಿರುವವರು ಸಾಯಬಾರದು’ ಎಂದು ಯಾರಿಗೋ ಅನ್ನಿಸಿದ್ದರಿಂದ. ಲೋಹ ಎಷ್ಟು ತಾಳುತ್ತದೆ ಎಂದು ಪ್ರಯೋಗಶಾಲೆ ಹೇಳುತ್ತದೆ. ಅದರ ಮೇಲೆ ಇನ್ನೆಷ್ಟು ಅಂತರ ಬಿಡಬೇಕು ಎಂಬುದನ್ನು ನಿರ್ಧರಿಸುವಾಗ ನಮ್ಮ ಕಾಳಜಿಯೂ ಲೆಕ್ಕಕ್ಕೆ ಬರುತ್ತದೆ. ಎಂಜಿನಿಯರಿಂಗ್‌ನಲ್ಲಿ ಭಾವನೆಗೆ ಜಾಗವಿಲ್ಲ ಎನ್ನುವವರಿಗೆ ನಾನು ಈ ಸಂಖ್ಯೆಯನ್ನೇ ತೋರಿಸುತ್ತೇನೆ.

ಪೀಣ್ಯದ ಆ ರಾತ್ರಿ, ನಾಲ್ಕು ವರ್ಷದ ನಂತರದ ಸಂಜೆ

ಸಿನಿಮಾ ಬಿಟ್ಟು ನಮ್ಮ ಬೆಂಗಳೂರಿಗೇ ಬರೋಣ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಇನ್ನು 2.1 ಕಿ.ಮೀ. ಇರುವವರೆಗೂ ಸರಿಯಾಗಿತ್ತು, ಆಮೇಲೆ ಸಂಪರ್ಕ ಕಡಿದುಹೋಯಿತು ಎಂದು ಪೀಣ್ಯದ ಇಸ್ರೊ ಕೇಂದ್ರದಿಂದ ಘೋಷಣೆ ಬಂತು. ಬೆಳಿಗ್ಗೆ ಇಸ್ರೊ ಅಧ್ಯಕ್ಷ ಕೆ. ಶಿವನ್ ಅವರು ಪ್ರಧಾನಿಯ ಎದೆಗೊರಗಿ ಅತ್ತದ್ದನ್ನು ದೇಶವೆಲ್ಲ ನೋಡಿತು. ಆಗ ನಾನು ಒಂಬತ್ತನೇ ಕ್ಲಾಸು. ‘ಅಷ್ಟು ದೊಡ್ಡ ವಿಜ್ಞಾನಿ ಹಿಂಗೆ ಅಳಬಹುದಾ?’ ಎಂದು ಬಸ್ಸಿನಲ್ಲಿ ಹಿರಿಯರೊಬ್ಬರು ಕೇಳಿದ್ದು ಇನ್ನೂ ನೆನಪಿದೆ.

ಅಳಬಹುದು. ಅತ್ತ ಮೇಲೆ ಏನು ಮಾಡಿದರು ಎಂಬುದು ಮುಖ್ಯ. ತಪ್ಪಿದ್ದು ಎಲ್ಲಿ ಎಂದು ಇಸ್ರೊ ಹುಡುಕಿತು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟಿದ್ದವು, ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಹೋದವು. ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಿತ್ತು, ಆದರೆ ತಂತ್ರಾಂಶ ಅದರ ವೇಗಕ್ಕೆ ಮಿತಿ ಹಾಕಿತ್ತು. ಇಳಿಯಲು ಗುರುತಿಸಿದ್ದ ಜಾಗವೋ 500 ಮೀಟರ್ ಉದ್ದಗಲದ ಪುಟ್ಟ ಚೌಕ. ಮುಂದಿನ ಸಲಕ್ಕೆ ಆ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿ, ಸೆಕೆಂಡಿಗೆ 2 ಮೀಟರ್ ಬದಲು 3 ಮೀಟರ್ ವೇಗದಲ್ಲಿ ಇಳಿದರೂ ತಾಳುವಂತೆ ಮಾಡಿದರು. ಇಂಧನ ಹೆಚ್ಚಿಸಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟುವ ಬದಲು, ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ ಕಟ್ಟಿದೆವು ಎಂಬರ್ಥದಲ್ಲಿ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3 ಇಳಿಯಿತು.

ಆ ಬದಲಾವಣೆಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅಗಲವಾದ ಜಾಗ, ಗಟ್ಟಿ ಕಾಲು, ಹೆಚ್ಚು ಇಂಧನ. ನಮ್ಮ ಸಿವಿಲ್ ಹುಡುಗಿ ಕೇಳಿದ ಪ್ರಶ್ನೆಗೆ ಇವೇ ಉತ್ತರ. ನೋವು ಕಣ್ಣೀರಾಗಿ ಹರಿದ ಮೇಲೆ ಒಂದೊಂದೇ ವಿನ್ಯಾಸದ ಅಳತೆಯೊಳಗೆ ಹೋಗಿ ಸೇರಿಕೊಂಡಿತ್ತು. ‘ನಮ್ಮ ಲೆಕ್ಕ ಸರಿಯೇ ಇತ್ತು, ಚಂದ್ರನ ನೆಲವೇ ಸರಿಯಿಲ್ಲ’ ಎಂದು ಯಾರಾದರೂ ಡಾ. ಮ್ಯಾನ್ ಶೈಲಿಯಲ್ಲಿ ವಾದಿಸಿದ್ದರೆ ಚಂದ್ರಯಾನ-3 ಇಳಿಯುತ್ತಿತ್ತೇ?

ನಮ್ಮ ಮುಂದಿನ ಎರಡು ಗ್ರಹಗಳು

ಇದೆಲ್ಲ ಗಗನಯಾತ್ರಿಗಳ ಮಾತಾಯಿತು, ನಮಗೇನು ಅಂತೀರಾ? ಇಪ್ಪತ್ತರ ಆಸುಪಾಸಿನ ನಮ್ಮೆಲ್ಲರ ಮುಂದೆಯೂ ಈಗ ಎರಡು ಗ್ರಹ, ಒಂದೇ ಟ್ಯಾಂಕ್ ಇಂಧನ. ಕ್ಯಾಂಪಸ್‌ನಲ್ಲಿ ಸಿಕ್ಕ ಸಾಫ್ಟ್‌ವೇರ್ ಕೆಲಸವೋ, ಇಷ್ಟಪಟ್ಟ ಕೋರ್ ಕ್ಷೇತ್ರವೋ? ಗೇಟ್ ಪರೀಕ್ಷೆಯೋ, ಸರ್ಕಾರಿ ನೌಕರಿಯ ತಯಾರಿಯೋ? ರೀಲ್ಸ್ ತೆರೆದರೆ ‘ಹೃದಯದ ಮಾತು ಕೇಳು’ ಎನ್ನುತ್ತಾರೆ. ಮದುವೆ ಮನೆಗೆ ಹೋದರೆ ‘ಪ್ರಾಕ್ಟಿಕಲ್ ಆಗಿರು’ ಎನ್ನುತ್ತಾರೆ. ಎರಡೂ ಅರ್ಧ ಮಾತುಗಳೇ.

ನನ್ನ ಗೆಳೆಯನೊಬ್ಬ ಪುಣೆಯಲ್ಲಿ ಸಿಕ್ಕ ಕೆಲಸ ಬಿಟ್ಟ. ಬಾಡಿಗೆ, ಊಟ, ಪ್ರಯಾಣ ಎಲ್ಲ ಕಳೆದು ಕೈಗೆ ಏನು ಉಳಿಯುತ್ತದೆ ಎಂದು ಚೆಂದದ ಎಕ್ಸೆಲ್ ಹಾಳೆ ಮಾಡಿ ತೋರಿಸಿದ. ಒಂದು ರಾತ್ರಿ ಚಹಾ ಕುಡಿಯುತ್ತಾ ತಾನಾಗಿಯೇ ಹೇಳಿದ, ‘ಲೆಕ್ಕ ಎಲ್ಲ ಸರಿ ಐತೆ ಕಣೋ. ಆದ್ರೆ ನಿಜ ಹೇಳ್ಬೇಕಂದ್ರೆ, ಹುಷಾರಿಲ್ಲದ ಅಮ್ಮನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ.’ ಆ ಕಾರಣಕ್ಕೆ ನಾಚಿಕೆ ಯಾಕೆ? ಎಕ್ಸೆಲ್ ಹಾಳೆಯ ಮೊದಲ ಸಾಲಿನಲ್ಲೇ ಅದನ್ನು ಬರೆದಿದ್ದರೆ ಹುಡುಕಾಟವೇ ಬೇರೆಯಾಗುತ್ತಿತ್ತು. ಮನೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಏನಿದೆ ಎಂದು ಮೊದಲೇ ನೋಡಬಹುದಿತ್ತು. ಈಗ ಅವನು ಅದನ್ನೇ ಮಾಡುತ್ತಿದ್ದಾನೆ.

ನನ್ನ ಕಥೆಯೂ ದೂರದ್ದಲ್ಲ. ರಾಕೆಟ್ ಎಂಜಿನ್‌ಗಳ ಬಗ್ಗೆ ಎಂ.ಟೆಕ್ ಓದುವ ಆಸೆ ನನಗೆ. ಅಪ್ಪ ಲೇತ್ ಕೆಲಸದವರು. ಅವರ ಹೆಸರಿನಲ್ಲಿ ನನ್ನ ಓದಿನ ಸಾಲವಿದೆ. ರಜೆಯಲ್ಲಿ ಊರಿಗೆ ಹೋದಾಗ ಹೇಗೋ ಧೈರ್ಯ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ‘ಆಸೆ ಇರ್ಲಿ ಮಗ. ಆದ್ರೆ ಲೆಕ್ಕ ಹಾಕ್ದಿರೋ ಆಸೆ ಸಾಲ ಇದ್ದಂಗೆ’ ಎಂದರು. ಇಬ್ಬರೂ ಕೂತು ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆವು. ಗೇಟ್ ಒಂದು ಸಲ ಪೂರ್ತಿ ಮನಸ್ಸಿಟ್ಟು ಬರೆಯುವುದು, ಪ್ಲೇಸ್‌ಮೆಂಟ್ ಸಂದರ್ಶನಗಳನ್ನು ಬಿಡದಿರುವುದು, ಸೀಟು ಸಿಕ್ಕಿದರೆ ವಿದ್ಯಾರ್ಥಿವೇತನದಲ್ಲಿ ಎಷ್ಟು ಮಿಗುತ್ತದೆ, ಸಿಗದಿದ್ದರೆ ಸಾಲ ತೀರುವವರೆಗೆ ಎಷ್ಟು ವರ್ಷ ದುಡಿಯಬೇಕು. ಪುಟದ ಮೇಲ್ಗಡೆ ಅಪ್ಪ ತಮ್ಮ ಸೊಟ್ಟ ಅಕ್ಷರದಲ್ಲಿ ‘ರಾಕೆಟ್ಟು’ ಎಂದು ಬರೆದು ಅಡಿಗೆರೆ ಎಳೆದರು. ಕೆಳಗಿನದೆಲ್ಲ ಅಂಕಿಗಳೇ. ಫಲಿತಾಂಶ ಏನಾಗುತ್ತದೋ ಮುಂದಿನ ವರ್ಷ ನೋಡಬೇಕು.

ದೊಡ್ಡ ನಿರ್ಧಾರ ಎದುರಾದಾಗ ಹೃದಯವೋ ಬುದ್ಧಿಯೋ ಎಂದು ಟಾಸ್ ಹಾಕುವ ಬದಲು ನಮ್ಮನ್ನು ನಾವೇ ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ನಾನು ಕೊಡುತ್ತಿರುವ ಈ ಕಾರಣದ ಕೆಳಗೆ ಯಾವ ಭಯ, ಯಾವ ಆಸೆ ಅಡಗಿ ಕೂತಿದೆ? ಅದನ್ನು ಹೆಸರು ಹಿಡಿದು ಕರೆದ ಮೇಲೂ ನನ್ನ ಲೆಕ್ಕ ನಿಲ್ಲುತ್ತದೆಯೇ? ವಾಟ್ನಿ ಇವೆರಡಕ್ಕೂ ಉತ್ತರಿಸಿಕೊಂಡು ಆಲೂಗಡ್ಡೆ ನೆಟ್ಟ. ಮ್ಯಾನ್ ಮೊದಲನೆಯದನ್ನು ಕೇಳಿಕೊಳ್ಳಲೇ ಇಲ್ಲ.

ಈ ವಾರಾಂತ್ಯ ಪುಸ್ತಕ ಮುಚ್ಚಿಟ್ಟು ಯಾವುದಾದರೂ ಬಾಹ್ಯಾಕಾಶದ ಸಿನಿಮಾ ನೋಡುವುದಾದರೆ, ಯಾರು ಅತ್ತರು ಎಂದು ಮಾತ್ರ ಎಣಿಸಬೇಡಿ. ಅಳದೆ, ದನಿ ಏರಿಸದೆ, ನೀಟಾಗಿ ಕಾರಣ ಕೊಡುತ್ತಿರುವವರ ಮೇಲೂ ಒಂದು ಕಣ್ಣಿಡಿ.